ಎಣ್ಣೆಯ ಪ್ರವಾಹದಲ್ಲಿ ಎಂಜಿನ್ನಿನ ಬಲ



ನಿಂತ ರೈಲುಗಾಡಿಯನ್ನು ಉಗಿಯ ಎಂಜಿನ್ನು ಹೊರಡಿಸುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಚಕ್ರವು ಒಂದಂಗುಲವೂ ಉರುಳದಿರುವಾಗಲೇ ಉಗಿಯು ಪಿಸ್ಟನ್ನಿನ ಮೇಲೆ ತನ್ನ ಪೂರ್ಣ ಒತ್ತಡವನ್ನು ಹೇರಬಲ್ಲುದಾದ್ದರಿಂದ, ಎಂಜಿನ್ನಿಗೂ ಚಕ್ರಕ್ಕೂ ನಡುವೆ ಅಲ್ಲಿ ಯಾವ ಮಧ್ಯಸ್ಥಿಕೆಯೂ ಬೇಕಾಗಿರಲಿಲ್ಲ. ಪೆಟ್ರೋಲು ಅಥವಾ ಡೀಸೆಲ್ಲಿನ ಎಂಜಿನ್ನಿಗೆ ಈ ಭಾಗ್ಯವಿಲ್ಲ. ತಾನು ತಿರುಗುತ್ತಿದ್ದರೆ ಮಾತ್ರ ಅದು ಬಲವನ್ನು ಕೊಡಬಲ್ಲುದು. ನಿಮಿಷಕ್ಕೆ ಕೆಲವು ನೂರು ಸುತ್ತುಗಳಿಗಿಂತ ಅದರ ವೇಗ ಕುಗ್ಗಿತೆಂದರೆ ಉಸಿರು ಕಟ್ಟಿದಂತಾಗಿ ನಿಂತುಹೋಗುವುದು. ಹೀಗಿರುವಾಗ ತಿರುಗುತ್ತಲೇ ಇರಬೇಕಾದ ಎಂಜಿನ್ನನ್ನು, ಇನ್ನೂ ನಿಶ್ಚಲವಾಗಿರುವ ಚಕ್ರಕ್ಕೆ ಜೋಡಿಸುವುದು ಹೇಗೆಂಬುದೇ ಮೋಟಾರು ವಾಹನಗಳ ಶಿಲ್ಪಿಗಳಿಗೆ ಮೊದಲಿನಿಂದಲೂ ಎದುರಾದ ಪ್ರಶ್ನೆ. ಕ್ಲಚ್ಚು ಈ ಕಾರ್ಯವನ್ನು ಘರ್ಷಣೆಯಿಂದ ಸಾಧಿಸುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಅದನ್ನು ಎಣ್ಣೆಯ ಪ್ರವಾಹದಿಂದ ಸಾಧಿಸುವ ಟಾರ್ಕ್ ಕನ್ವರ್ಟರ್ ಎಂಬ ಯಂತ್ರದ ವಿಷಯವನ್ನು.

ಹೊರನೋಟಕ್ಕೆ ಅದು ಬೆಸೆದು ಮುಚ್ಚಿದ ಉಕ್ಕಿನ ದುಂಡನೆಯ ಡಬ್ಬಿ. ಸಾಧಾರಣ ಕಾರುಗಳಲ್ಲಿ ಅದರ ವ್ಯಾಸ ಇಪ್ಪತ್ತೈದು ಸೆಂಟಿಮೀಟರಿನ ಆಸುಪಾಸು. ಅದರ ಸ್ಥಾನ ಎಂಜಿನ್ನಿಗೂ ಗಿಯರ್ ಪೆಟ್ಟಿಗೆಗೂ ನಡುವೆ. ಡಬ್ಬಿಯೊಳಗೆ ಬಾಗಿದ ಅಲಗುಗಳುಳ್ಳ ಮೂರು ಚಕ್ರಗಳು ಎಣ್ಣೆಯಲ್ಲಿ ಮುಳುಗಿರುವುವು. ಪಂಪು ಎಂಬ ಮೊದಲನೆಯ ಚಕ್ರ ಡಬ್ಬಿಯ ಒಡಲಿಗೇ ಸೇರಿಕೊಂಡು ಎಂಜಿನ್ನಿನೊಡನೆ ತಿರುಗುತ್ತದೆ. ಅದಕ್ಕೆ ಅಭಿಮುಖವಾಗಿರುವ ಟರ್ಬೈನು ಗಿಯರ್ ಪೆಟ್ಟಿಗೆಯೊಳಕ್ಕೆ ಹೋಗುವ ದಂಡವನ್ನು ತಿರುಗಿಸುತ್ತದೆ. ಇವೆರಡರ ನಡುವೆ, ಅಕ್ಷಕ್ಕೆ ಸಮೀಪದಲ್ಲಿ, ಮೂರನೆಯದಾದ ಸ್ಟೇಟರು ಎಂಬ ಚಿಕ್ಕ ಚಕ್ರವು ವಾಹನ ಹೊರಡುವಾಗ ಸ್ಥಿರವಾಗಿ ನಿಂತಿರುತ್ತದೆ. ಬಲವನ್ನು ಪಡೆಯುವ ಚಕ್ರವು ಬಲವನ್ನು ಕೊಡುವ ಚಕ್ರವನ್ನು ಎಲ್ಲಿಯೂ ಮುಟ್ಟುವುದಿಲ್ಲ. ಅವುಗಳ ನಡುವೆ ಹರಿದಾಡುವುದು ಎಣ್ಣೆಯೊಂದೇ.

ಈ ಕಲ್ಪನೆ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಉಗಿಯ ಟರ್ಬೈನು ಹಡಗುಗಳೊಳಕ್ಕೆ ಪ್ರವೇಶಿಸಿತ್ತಷ್ಟೆ. ಟರ್ಬೈನಿಗೆ ಒಗ್ಗುವುದು ಅತಿವೇಗ. ನೀರಿನಲ್ಲಿ ತಿರುಗುವ ತಿರುಪಿಗೆ ಒಗ್ಗುವುದು ಮಂದಗತಿ. ಸಾವಿರಾರು ಅಶ್ವಶಕ್ತಿಯನ್ನು ನೆಚ್ಚಿಕೆಯಿಂದ ಹೊತ್ತು ಸಾಗಿಸಬಲ್ಲ ಹಲ್ಲುಚಕ್ರಗಳನ್ನು ಕೊರೆಯುವ ವಿದ್ಯೆ ಅಂದಿಗೆ ಇನ್ನೂ ಪಕ್ವವಾಗಿರಲಿಲ್ಲ. ಬಾಲ್ಟಿಕ್ ಸಮುದ್ರಕ್ಕೆ ಸಮೀಪದ ಸ್ಟೆಟಿನ್ ಪಟ್ಟಣದ ವುಲ್ಕಾನ್ ಹಡಗುಕಟ್ಟೆಯಲ್ಲಿದ್ದ ಹೆರ್ಮನ್ ಫ್ಯೋಟಿಂಗರ್ ಎಂಬ ತರುಣ ಎಂಜಿನಿಯರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡನು. 1877ರಲ್ಲಿ ನ್ಯೂರೆಂಬರ್ಗಿನಲ್ಲಿ ಹುಟ್ಟಿದ ಆತನು ಕಲಿತದ್ದು ವಿದ್ಯುತ್ತಿನ ಎಂಜಿನಿಯರಿಂಗು. ವೇಗವಾಗಿ ತಿರುಗುವ ಪಂಪಿನಿಂದ ನೀರನ್ನೆತ್ತಿ, ಆ ನೀರಿನಿಂದ ನಿಧಾನವಾಗಿ ತಿರುಗುವ ಜಲಟರ್ಬೈನನ್ನು ನಡೆಸಿದರೆ ವೇಗ ತಗ್ಗಿ ಬಲ ಹೆಚ್ಚುವುದೆಂಬುದು ಸರಳವಾದ ವಿಚಾರವೇ ಸರಿ. ಆದರೆ ಪಂಪಿನಲ್ಲಿ ನೂರಕ್ಕೆ ಇಪ್ಪತ್ತು, ಟರ್ಬೈನಿನಲ್ಲಿ ನೂರಕ್ಕೆ ಹದಿನೈದು, ಇವೆರಡನ್ನೂ ಜೋಡಿಸುವ ಕೊಳವೆಗಳಲ್ಲಿ ಮತ್ತಷ್ಟು ಎಂದು ಕಳೆಯುತ್ತ ಹೋದರೆ ಕೊನೆಗೆ ದಂಡಕ್ಕೆ ಉಳಿಯುವುದು ಅರವತ್ತೈದೋ ಏನೋ. ಇಷ್ಟೊಂದು ನಷ್ಟವನ್ನು ಯಾವ ಹಡಗಿನ ಒಡೆಯನು ಸಹಿಸಿಯಾನು?

ಫ್ಯೋಟಿಂಗರನ ಪ್ರತಿಭೆ ಪ್ರಕಾಶಗೊಂಡದ್ದು ಇಲ್ಲಿಯೇ. ಪಂಪಿನ ಹೊರಗೆ ನೀರನ್ನು ಸಂಗ್ರಹಿಸಿ ಅದರ ವೇಗವನ್ನು ಒತ್ತಡವಾಗಿ ಮಾರ್ಪಡಿಸುವ ಸುರುಳಿಕೋಶ, ಅಲ್ಲಿಂದ ಹೊರಟ ಕೊಳವೆ, ಮರಳಿ ಆ ಒತ್ತಡವನ್ನು ವೇಗವಾಗಿ ಮಾರ್ಪಡಿಸುವ ಟರ್ಬೈನಿನ ಮುಖದ್ವಾರ, ಇವೆಲ್ಲ ಏತಕ್ಕೆ ಬೇಕೆಂದು ಆತನು ಕೇಳಿಕೊಂಡನು. ಪಂಪಿನ ಅಲಗನ್ನು ಬಿಟ್ಟ ನೀರು ತನ್ನ ವೇಗದೊಡನೆಯೇ ಟರ್ಬೈನಿನ ಅಲಗನ್ನು ಹೊಗಲಿ, ಟರ್ಬೈನನ್ನು ಬಿಟ್ಟ ನೀರು ತನ್ನಲ್ಲುಳಿದ ವೇಗವನ್ನು ವ್ಯರ್ಥಪಡಿಸದೆ ಪಂಪಿಗೇ ಹಿಂದಿರುಗಲಿ ಎಂದು, ಎಲ್ಲವನ್ನೂ ಒಂದೇ ಕವಚದೊಳಗೆ ಒಂದಕ್ಕೊಂದು ಒತ್ತಾಗಿ ಕೂಡಿಸಿದನು. ನಷ್ಟವಾಗುತ್ತಿದ್ದುದು ಹೆಚ್ಚಾಗಿ ಯಂತ್ರಗಳೊಳಗಲ್ಲ, ಅವುಗಳ ನಡುವಣ ದಾರಿಯಲ್ಲಿ; ಆ ದಾರಿಯನ್ನೇ ಆತನು ಅಳಿಸಿಹಾಕಿದನು. 1905ರಲ್ಲಿ ಜರ್ಮನಿಯಲ್ಲಿ ಇದಕ್ಕೆ ಪೇಟೆಂಟು ಸಂದಿತು. 1909ರಲ್ಲಿ ಪರೀಕ್ಷೆಯ ದೋಣಿಯೊಂದರಲ್ಲಿ ಇದು ನಡೆಯಿತು. ದಕ್ಷತೆ ನೂರಕ್ಕೆ ಎಂಬತ್ತನ್ನು ಮೀರಿತು. ಸ್ವಲ್ಪ ಕಾಲದಲ್ಲಿಯೇ ನೂರಕ್ಕೆ ತೊಂಬತ್ತೆಂಟರ ದಕ್ಷತೆಯ ಹಲ್ಲುಚಕ್ರಗಳು ಬಂದು ಹಡಗಿನಿಂದ ಇದನ್ನು ಹೊರದೂಡಿದುವಾದರೂ, ಸಮುದ್ರದಲ್ಲಿ ನೆಲೆ ತಪ್ಪಿದ ಯಂತ್ರವು ನೆಲದ ಮೇಲೆ ಕೋಟ್ಯಂತರ ವಾಹನಗಳನ್ನು ಹೊಗುವ ಯೋಗ ಮುಂದೆ ಒದಗಿತು.

ಇನ್ನು ಎಣ್ಣೆಯು ಬಲವನ್ನು ಹೇಗೆ ಸಾಗಿಸುವುದೆಂಬುದನ್ನು ನೋಡೋಣ. ಪಂಪು ತಿರುಗಿದಾಗ ಅದರೊಳಗಿನ ಎಣ್ಣೆ ಕೇಂದ್ರದಿಂದ ಪರಿಧಿಯ ಕಡೆಗೆ ಚಿಮ್ಮಿ, ಪಂಪಿನೊಡನೆ ಸುತ್ತುವ ಗತಿಯನ್ನೂ ಪಡೆದು, ಹೊರ ಅಂಚಿನಲ್ಲಿ ಟರ್ಬೈನಿಗೆ ದಾಟುತ್ತದೆ. ಟರ್ಬೈನಿನ ಅಲಗುಗಳ ನಡುವೆ ಪರಿಧಿಯಿಂದ ಕೇಂದ್ರದ ಕಡೆಗೆ ಇಳಿಯುತ್ತ ತನ್ನ ಸುತ್ತುಗತಿಯನ್ನು ಅದಕ್ಕೆ ಒಪ್ಪಿಸಿ, ಸ್ಟೇಟರಿನ ಮೂಲಕ ಪಂಪಿನ ಬುಡಕ್ಕೆ ಮರಳುತ್ತದೆ. ಹೀಗೆ ಎಣ್ಣೆಗೆ ಎರಡು ಗತಿಗಳು: ಅಕ್ಷದ ಸುತ್ತಲೂ ತಿರುಗುವುದು ಒಂದು, ಮೂರು ಚಕ್ರಗಳ ಮೂಲಕ ಉಂಗುರದಂತಹ ಪಥದಲ್ಲಿ ಸುಳಿಯುವುದು ಇನ್ನೊಂದು. ಪ್ರತಿಯೊಂದು ಚಕ್ರದ ಮೇಲೂ ಬೀಳುವ ಟಾರ್ಕು, ಎಂದರೆ ತಿರುಗಿಸುವ ಬಲ, ಸೆಕೆಂಡಿಗೆ ಹರಿಯುವ ಎಣ್ಣೆಯ ರಾಶಿಯನ್ನೂ, ಒಳಹೊಗುವಾಗ ಮತ್ತು ಹೊರಬರುವಾಗ ಅದಕ್ಕಿರುವ ಸುತ್ತುಗತಿಯನ್ನು ತ್ರಿಜ್ಯದಿಂದ ಗುಣಿಸಿ ಬಂದ ಮೊತ್ತಗಳ ವ್ಯತ್ಯಾಸವನ್ನೂ ಅವಲಂಬಿಸಿರುತ್ತದೆ. ಇದು ಹದಿನೆಂಟನೆಯ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಮಹಾಗಣಿತಜ್ಞನು ನಿಗಮಿಸಿಕೊಟ್ಟ ಸೂತ್ರ. ಇಂದಿಗೂ ಈ ಯಂತ್ರದ ವಿನ್ಯಾಸವು ಆರಂಭವಾಗುವುದು ಅದರಿಂದಲೇ.

ಸ್ಟೇಟರಿನ ಮಹತ್ತ್ವವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಅದಿಲ್ಲದಿದ್ದರೆ ಈ ಯಂತ್ರಕ್ಕೆ ಟಾರ್ಕನ್ನು ಹೆಚ್ಚಿಸುವ ಸಾಮರ್ಥ್ಯವೇ ಇರುತ್ತಿರಲಿಲ್ಲ. ವಾಹನ ಹೊರಡುವ ಕ್ಷಣದಲ್ಲಿ ಟರ್ಬೈನು ನಿಶ್ಚಲವಾಗಿರುವುದಷ್ಟೆ. ಅದರ ಬಾಗಿದ ಅಲಗುಗಳಿಂದ ಹೊರಬೀಳುವ ಎಣ್ಣೆ ಪಂಪು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತಿರುತ್ತದೆ. ಅದನ್ನು ಹಾಗೆಯೇ ಪಂಪಿಗೆ ಬಿಟ್ಟರೆ ಅದು ಪಂಪನ್ನು ತಡೆದು ಎಂಜಿನ್ನಿಗೆ ಭಾರವಾದೀತು. ಸ್ಟೇಟರಿನ ಅಲಗುಗಳು ಆ ಪ್ರವಾಹವನ್ನು ಅಡ್ಡಗಟ್ಟಿ ಹೊರಳಿಸಿ, ಪಂಪಿನ ದಿಕ್ಕಿಗೇ ಅನುಕೂಲವಾಗುವಂತೆ ತಿರುಗಿಸಿ ಕಳುಹಿಸುತ್ತವೆ. ಹೊರಳಿಸುವಾಗ ಎಣ್ಣೆ ಸ್ಟೇಟರನ್ನು ನೂಕುತ್ತದೆ. ಗಿಯರ್ ಪೆಟ್ಟಿಗೆಯ ಕವಚಕ್ಕೆ ಆತುಕೊಂಡಿರುವ ಸ್ಟೇಟರು ಆ ನೂಕನ್ನು ತಾಳಿಕೊಂಡು ನಿಲ್ಲುತ್ತದೆ. ಟರ್ಬೈನಿಗೆ ದೊರೆಯುವ ಟಾರ್ಕು ಪಂಪಿನ ಟಾರ್ಕಿಗೆ ಸ್ಟೇಟರಿನ ಟಾರ್ಕನ್ನು ಕೂಡಿಸಿದಷ್ಟಾಗುತ್ತದೆ. ಎಂಜಿನ್ನು ನೂರು ಕೊಟ್ಟರೆ ಚಕ್ರದ ಕಡೆಗೆ ಇನ್ನೂರು, ಇನ್ನೂರಿಪ್ಪತ್ತು ಸಾಗುವುದು ಹೀಗೆ. ಸ್ಟೇಟರಿಲ್ಲದ, ಎರಡೇ ಚಕ್ರಗಳ ಯಂತ್ರವೂ ಉಂಟು. ಅದಕ್ಕೆ ದ್ರವಜೋಡಣೆ ಎನ್ನಬಹುದು. ಇಂಗ್ಲೆಂಡಿನಲ್ಲಿ ಹ್ಯಾರೊಲ್ಡ್ ಸಿಂಕ್ಲೇರನ ಪ್ರಯತ್ನದಿಂದ ಅದು ವಾಹನಗಳಿಗೆ ಬಂದು, 1930ರಲ್ಲಿ ಡೈಮ್ಲರ್ ಸಂಸ್ಥೆಯ ಕಾರುಗಳಲ್ಲಿ ಕಾಣಿಸಿಕೊಂಡಿತು. ಎಂಜಿನ್ನನ್ನು ಮೆಲ್ಲನೆ ಜೋಡಿಸುವುದಷ್ಟೇ ಅದರ ಕೆಲಸ. ಕೊಟ್ಟ ಟಾರ್ಕಿಗಿಂತ ಒಂದಿಷ್ಟನ್ನೂ ಹೆಚ್ಚಾಗಿ ಅದು ಸಲ್ಲಿಸಲಾರದು.

ದಕ್ಷತೆಯ ಲೆಕ್ಕಕ್ಕೆ ಬರೋಣ. ಟರ್ಬೈನಿನ ವೇಗವು ಪಂಪಿನ ವೇಗದ ಎಷ್ಟನೆಯ ಭಾಗವೋ ಅದನ್ನು, ಟಾರ್ಕು ಎಷ್ಟು ಪಾಲು ಹೆಚ್ಚಿತೋ ಅದರಿಂದ ಗುಣಿಸಿದರೆ ಬರುವುದೇ ದಕ್ಷತೆ. ವಾಹನ ನಿಂತಿರುವಾಗ ಟಾರ್ಕು ಇಮ್ಮಡಿಯಾಗಿದ್ದರೂ ಟರ್ಬೈನಿನ ವೇಗ ಸೊನ್ನೆ. ಆದುದರಿಂದ ದಕ್ಷತೆಯೂ ಸೊನ್ನೆ. ಟರ್ಬೈನು ಪಂಪಿನ ಅರ್ಧ ವೇಗವನ್ನು ಮುಟ್ಟುವ ಹೊತ್ತಿಗೆ ಟಾರ್ಕು ಒಂದೂವರೆಯಷ್ಟಕ್ಕೆ ಇಳಿದಿದ್ದರೆ ದಕ್ಷತೆ ನೂರಕ್ಕೆ ಎಪ್ಪತ್ತೈದು. ಹತ್ತರಲ್ಲಿ ಏಳು ಪಾಲು ವೇಗದಲ್ಲಿ ಅದು ಎಂಬತ್ತೈದರ ಸಮೀಪಕ್ಕೆ ಏರುತ್ತದೆ. ಇಲ್ಲಿ ನನಗೆ ಅತ್ಯಂತ ಗಮನಾರ್ಹವಾಗಿ ತೋರುವ ಸಂಗತಿಯೆಂದರೆ, ಯಂತ್ರವು ನಮಗೆ ಗರಿಷ್ಠ ಉಪಕಾರ ಮಾಡುವುದು ದಕ್ಷತೆಯು ಸೊನ್ನೆಯಾಗಿರುವ ಆ ಮೊದಲ ಕ್ಷಣದಲ್ಲಿಯೇ ಎಂಬುದು. ದಕ್ಷತೆಯ ಅಂಕಿಯೊಂದನ್ನೇ ಹಿಡಿದು ಇದನ್ನು ಹಳಿಯುವವರು ಈ ಮಾತನ್ನು ಮರೆಯುತ್ತಾರೆ. ಭಾರವಾದ ಗಾಡಿಯನ್ನು ಏರಿನಲ್ಲಿ ಕದಲಿಸುವುದಕ್ಕೆ ಬೇಕಾದುದು ಟಾರ್ಕು. ಅದಕ್ಕಾಗಿ ಕೆಲವು ಕ್ಷಣ ಶಕ್ತಿ ವ್ಯಯವಾದರೆ ಅದು ಸಲ್ಲತಕ್ಕ ಬೆಲೆ. ಆ ವ್ಯಯವು ಕ್ಷಣಗಳಿಗೆ ಸೀಮಿತವಾಗಿರಬೇಕು ಎಂಬುದಷ್ಟೇ ಷರತ್ತು.

ಏಕೆಂದರೆ ಹೋದ ಶಕ್ತಿಯೆಲ್ಲ ಶಾಖವಾಗಿ ಎಣ್ಣೆಯಲ್ಲಿಯೇ ಕೂಡುತ್ತದೆ. ಎಂಜಿನ್ನು 60 ಕಿಲೋವಾಟ್ ಶಕ್ತಿಯನ್ನು ಕೊಡುತ್ತಿದ್ದು ವಾಹನ ಕದಲದೆ ನಿಂತಿದೆಯೆಂದು ಭಾವಿಸಿರಿ. ವ್ಯವಸ್ಥೆಯಲ್ಲಿ 8 ಕಿಲೋಗ್ರಾಂ ಎಣ್ಣೆಯಿದ್ದು, ಒಂದು ಕಿಲೋಗ್ರಾಮನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 2 ಕಿಲೋಜೂಲ್ ಸಾಕಾಗುವುದರಿಂದ, ಶಾಖವೆಲ್ಲ ಎಣ್ಣೆಯಲ್ಲಿಯೇ ನಿಂತರೆ ಅದರ ಉಷ್ಣತೆ ಸೆಕೆಂಡಿಗೆ ಮೂರೂ ಮುಕ್ಕಾಲು ಡಿಗ್ರಿಯಂತೆ ಏರುತ್ತ ಹೋಗುವುದು. ಹತ್ತು ಸೆಕೆಂಡಿಗೆ ಮೂವತ್ತೇಳೂವರೆ ಡಿಗ್ರಿ! ಈ ಯಂತ್ರದ ಎಣ್ಣೆಯನ್ನು ಸದಾ ಹೊರಗೆಳೆದು ತಂಪುಗೊಳಿಸಿ ಮರಳಿ ಊಡುವ ಏರ್ಪಾಡು ಅನಿವಾರ್ಯವಾದುದು ಇದರಿಂದಲೇ.

ವಾಹನ ವೇಗಗೊಂಡಂತೆ ಮತ್ತೊಂದು ತೊಡಕು ತಲೆದೋರುತ್ತದೆ. ಟರ್ಬೈನು ಪಂಪಿನ ವೇಗವನ್ನು ಸಮೀಪಿಸಿದಾಗ ಅದರಿಂದ ಹೊರಬರುವ ಎಣ್ಣೆಯ ದಿಕ್ಕು ಬದಲಾಗಿ, ಅದು ಸ್ಟೇಟರಿನ ಅಲಗುಗಳ ಬೆನ್ನಿಗೆ ಬಡಿಯತೊಡಗುತ್ತದೆ. ಮೊದಲು ಸಹಾಯಕವಾಗಿದ್ದ ಸ್ಟೇಟರು ಈಗ ದಾರಿಗೆ ಅಡ್ಡ. ಇದಕ್ಕೆ ಪರಿಹಾರವನ್ನು 1928ರ ಹೊತ್ತಿಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಟ್ರಿಲೋಕ್ ಎಂಬ ಸಂಶೋಧಕರ ಕೂಟವು ಕಂಡುಕೊಂಡಿತು. ಪ್ರೊಫೆಸರ್ ಸ್ಪಾನ್‌ಹಾಕೆ ಆ ಕೂಟದಲ್ಲಿದ್ದವರು. ಆ ಕೂಟದವರು ಸ್ಟೇಟರನ್ನು ಏಕಮುಖವಾಗಿ ಮಾತ್ರ ತಿರುಗಬಲ್ಲ ಬಿಡುಚಕ್ರದ ಮೇಲೆ ಕೂರಿಸಿದರು. ಎಣ್ಣೆ ಎದುರಿನಿಂದ ನೂಕಿದಾಗ ಅದು ಬಿಗಿದು ನಿಲ್ಲುವುದು. ಬೆನ್ನಿಗೆ ಬಡಿದಾಗ ತಾನೇ ಬಿಟ್ಟುಕೊಂಡು ಪ್ರವಾಹದೊಡನೆ ತಿರುಗುವುದು. ಯಾವ ಸನ್ನೆಕೋಲೂ ಚಾಲಕನ ಅಪ್ಪಣೆಯೂ ಇಲ್ಲದೆ, ಟಾರ್ಕನ್ನು ಹೆಚ್ಚಿಸುವ ಯಂತ್ರವು ಬರಿಯ ದ್ರವಜೋಡಣೆಯಾಗಿ ಮಾರ್ಪಡುತ್ತದೆ. ಆ ಬಳಿಕ ದಕ್ಷತೆಯೆಂದರೆ ವೇಗಗಳ ಪ್ರಮಾಣವೇ. ಅದು ತೊಂಬತ್ತೈದನ್ನೂ ದಾಟುವುದು. ಇಂದಿನ ಕಾರುಗಳಲ್ಲಿರುವುದೆಲ್ಲ ಈ ವಂಶದ್ದೇ.

ಉಳಿದ ನಷ್ಟಕ್ಕೆ ಕಾರಣವೇನು? ಅಲಗಿನ ಮೈಯೊಡನೆ ಎಣ್ಣೆಯ ಘರ್ಷಣೆ ಒಂದು; ಚಕ್ರಗಳ ನಡುವಣ ಸಂದುಗಳಲ್ಲಿ ನುಸುಳಿ ಹೋಗುವುದು ಇನ್ನೊಂದು. ಇವೆರಡಕ್ಕಿಂತ ಹಟಮಾರಿಯಾದುದು ಆಘಾತನಷ್ಟ. ಚಲಿಸುತ್ತಿರುವ ಬಸ್ಸನ್ನು ಹತ್ತುವ ಅನುಭವಿಯು ಅದರ ದಿಕ್ಕಿನಲ್ಲಿಯೇ ನಾಲ್ಕು ಹೆಜ್ಜೆ ಓಡಿ, ತನ್ನ ವೇಗವನ್ನು ಬಸ್ಸಿನ ವೇಗಕ್ಕೆ ಸಮನಾಗಿಸಿಕೊಂಡು ಮೆಟ್ಟಿಲ ಮೇಲೆ ಕಾಲಿಡುತ್ತಾನೆ. ಹಾಗೆ ಮಾಡದವನ ತೋಳು ಉಳುಕುತ್ತದೆ. ಎಣ್ಣೆಯೂ ತಾನು ಹೊಗಲಿರುವ ಅಲಗಿನ ಕೋನಕ್ಕೂ ವೇಗಕ್ಕೂ ಹೊಂದಿಕೊಂಡು ಬಂದರೆ ಸುಗಮವಾಗಿ ಜಾರುವುದು, ಇಲ್ಲವಾದರೆ ಅಲಗಿನ ತುದಿಗೆ ಅಪ್ಪಳಿಸಿ ಸುಳಿಗಳಾಗಿ ಒಡೆಯುವುದು. ಈ ನಷ್ಟವು ಹೊಂದಿಕೆಯಿಲ್ಲದ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ತೊಡಕೆಂದರೆ ಅಲಗಿನ ಕೋನ ಸ್ಥಿರವಾದದ್ದು. ಎಣ್ಣೆ ಬರುವ ಕೋನವಾದರೋ ವಾಹನದ ವೇಗದೊಡನೆ ಕ್ಷಣಕ್ಷಣಕ್ಕೂ ಬದಲಾಗುವಂಥದು. ವಿನ್ಯಾಸಕಾರನು ಯಾವುದಾದರೊಂದು ವೇಗಪ್ರಮಾಣವನ್ನು ಆರಿಸಿಕೊಂಡು ಅಲ್ಲಿ ಆಘಾತವಿಲ್ಲದಂತೆ ಕೋನಗಳನ್ನು ಹೊಂದಿಸಬಲ್ಲನೇ ಹೊರತು ಎಲ್ಲೆಡೆಯೂ ಹೊಂದಿಸಲಾರನು. ಸ್ಟೇಟರಿನ ಅಲಗಿನ ಮೂಗನ್ನು ದಪ್ಪನಾಗಿ ಗುಂಡಗೆ ಮಾಡುವುದು, ನಾನಾ ಕೋನಗಳಿಂದ ಬಂದ ಪ್ರವಾಹವನ್ನು ಅದು ಕಡಿಮೆ ನೋವಿನಿಂದ ಸ್ವೀಕರಿಸಲೆಂದೇ.

ಆಯ್ಲರನ ಸೂತ್ರವು ಪ್ರವಾಹವನ್ನು ಒಂದೇ ನೂಲಿನ ಎಳೆಯೆಂಬಂತೆ ಎಣಿಸುತ್ತದೆ. ವಾಸ್ತವದಲ್ಲಿ ಎಣ್ಣೆ ಹಾಗೆ ವಿಧೇಯವಾಗಿ ಹರಿಯುವುದಿಲ್ಲ. ಬಿಗಿಯಾದ ತಿರುವಿನಲ್ಲಿ ಗೋಡೆಯನ್ನು ಬಿಟ್ಟು ಸರಿಯುತ್ತದೆ; ಪಂಪಿನ ಕಾಲುವೆಯ ಒಂದು ಮಗ್ಗುಲಲ್ಲಿ ರಭಸದ ಧಾರೆಯಾಗಿಯೂ ಇನ್ನೊಂದು ಮೂಲೆಯಲ್ಲಿ ಜಡವಾದ ಮಡುವಾಗಿಯೂ ಒಡೆದುಕೊಳ್ಳುತ್ತದೆ; ಮುಖ್ಯ ಪ್ರವಾಹಕ್ಕೆ ಅಡ್ಡಲಾಗಿ ಉಪಪ್ರವಾಹಗಳು ಸುಳಿಯುತ್ತವೆ. ಮುಚ್ಚಿದ ಉಕ್ಕಿನ ಡಬ್ಬಿಯೊಳಗೆ ನಡೆಯುವ ಈ ವ್ಯಾಪಾರವನ್ನು ಬಹುಕಾಲ ಯಾರೂ ಕಂಡಿರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾರದರ್ಶಕ ಕನ್ವರ್ಟರನ್ನು ರಚಿಸಿ, ಲೇಸರ್ ಕಿರಣವನ್ನು ಹಾಯಿಸಿ ಎಣ್ಣೆಯ ವೇಗವನ್ನು ಅಳೆದರು. ಅದೇ ಕಾಲದಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪಂಪು, ಟರ್ಬೈನು, ಸ್ಟೇಟರುಗಳ ಅಲಗುಗಳ ಮೇಲಣ ಒತ್ತಡವನ್ನು ಅಳೆದು, ದ್ರವಚಲನೆಯ ಸಮೀಕರಣಗಳನ್ನು ಗಣಕಯಂತ್ರದಿಂದ ಬಿಡಿಸಿ ಹೋಲಿಸಿದ ತಂಡದ ಮುಖ್ಯಸ್ಥರು ಪ್ರೊಫೆಸರ್ ಬುಡುಗೂರು ಲಕ್ಷ್ಮೀನಾರಾಯಣ; ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಮುಂದೆ ಟರ್ಬೈನು ಸಂಪೀಡಕಗಳ ದ್ರವವಿಜ್ಞಾನದಲ್ಲಿ ಜಗನ್ಮಾನ್ಯರಾದವರು. ಅಲಗಿನ ಬಾಗನ್ನು ಕೇವಲ ಅನುಭವದ ಬಲದಿಂದ ತಿದ್ದುತ್ತಿದ್ದ ಕಾಲವು ಇಂತಹವರ ದುಡಿಮೆಯಿಂದ ಹಿಂದೆ ಸರಿಯಿತು. ಕನ್ನಡ ನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅವರ ಹೆಸರು ಇನ್ನೂ ಹೆಚ್ಚು ಪರಿಚಿತವಾಗಿರಬೇಕೆಂಬುದು ನನ್ನ ಆಶೆ.

ವಿನ್ಯಾಸಕಾರನ ಆಯ್ಕೆಗಳೂ ಕಠಿನವಾದುವು. ಕನ್ವರ್ಟರು ಹೊರಬಲ್ಲ ಟಾರ್ಕು ವೇಗದ ವರ್ಗದಂತೆಯೂ ವ್ಯಾಸದ ಐದನೆಯ ಘಾತದಂತೆಯೂ ಹೆಚ್ಚುತ್ತದೆ. ವ್ಯಾಸವನ್ನು ನೂರಕ್ಕೆ ಹತ್ತರಷ್ಟು ಬೆಳೆಸಿದರೆ ಸಾಮರ್ಥ್ಯ ನೂರಕ್ಕೆ ಅರವತ್ತೊಂದರಷ್ಟು ಬೆಳೆಯುವುದು. ಹೊರಡುವಾಗಿನ ಟಾರ್ಕನ್ನು ಬಹಳವಾಗಿ ಹೆಚ್ಚಿಸಲೆಂದು ಸ್ಟೇಟರಿನ ಅಲಗನ್ನು ಹೆಚ್ಚು ಬಾಗಿಸಿದರೆ, ಮೇಲಣ ವೇಗಗಳಲ್ಲಿ ಆಘಾತ ಹೆಚ್ಚಿ ದಕ್ಷತೆ ಕುಂದುವುದು. ಅಮೆರಿಕದ ಬ್ಯೂಯಿಕ್ ಕಾರುಗಳಲ್ಲಿ 1948ರಲ್ಲಿ ಬಂದ ಡೈನಾಫ್ಲೋ ಎಂಬ ವ್ಯವಸ್ಥೆಯು ಗಿಯರುಗಳನ್ನು ಬದಲಿಸುವ ಕೆಲಸವನ್ನೇ ಬಿಟ್ಟು, ಸಾಮಾನ್ಯ ಸಂಚಾರವನ್ನೆಲ್ಲ ಕನ್ವರ್ಟರಿನ ಮೇಲೆಯೇ ಹೊರಿಸಿತು. ಸವಾರಿ ರೇಷ್ಮೆಯಂತೆ ನುಣುಪಾಯಿತು. ಆದರೆ ಮುನ್ನುಗ್ಗುವ ಚುರುಕೂ ಇಂಧನದ ಮಿತವ್ಯಯವೂ ಕುಂದಿದುವು. 1955ರಲ್ಲಿ ಅದೇ ಸಂಸ್ಥೆಯು ಸ್ಟೇಟರಿನ ಅಲಗುಗಳ ಕೋನವನ್ನೇ ಬದಲಿಸಬಲ್ಲ ರಚನೆಯನ್ನು ತಂದಿತು. ಕಲ್ಪನೆಯ ದೃಷ್ಟಿಯಿಂದ ಇದು ಶ್ಲಾಘ್ಯವಾದುದು; ಗಿಯರುಗಳ ಸಂಖ್ಯೆ ಹೆಚ್ಚಿದಂತೆ ಅದರ ಅಗತ್ಯ ತಪ್ಪಿತು.

ಕೊನೆಗೆ ಗೆದ್ದದ್ದು ಬೇರೊಂದು ಉಪಾಯ. ದ್ರವವು ತನ್ನ ಕೆಲಸವನ್ನು ಮುಗಿಸಿದ ಮೇಲೆ ಅದನ್ನು ಬದಿಗಿರಿಸಿ, ಡಬ್ಬಿಯೊಳಗಣ ಒಂದು ಕ್ಲಚ್ಚಿನಿಂದ ಪಂಪನ್ನೂ ಟರ್ಬೈನನ್ನೂ ಬಿಗಿಯಾಗಿ ಜೋಡಿಸಿಬಿಟ್ಟರೆ ಜಾರುವಿಕೆಯೇ ಇರದು. 1949ರಲ್ಲಿ ಪ್ಯಾಕಾರ್ಡ್ ಕಾರುಗಳ ಅಲ್ಟ್ರಮ್ಯಾಟಿಕ್ ವ್ಯವಸ್ಥೆಯಲ್ಲಿ ಇದು ಬಂದಿತ್ತಾದರೂ, ಪೆಟ್ರೋಲು ಅಗ್ಗವಾಗಿದ್ದ ಆ ಕಾಲದಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಆದರ ಸಲ್ಲಲಿಲ್ಲ. 1970ರ ದಶಕದಲ್ಲಿ ತೈಲದ ಬೆಲೆ ಏರಿ ಜಗತ್ತು ತಲ್ಲಣಿಸಿದ ಮೇಲೆಯೇ ಕ್ರೈಸ್ಲರ್ ಮೊದಲಾದ ಸಂಸ್ಥೆಗಳು ಇದನ್ನು ವ್ಯಾಪಕವಾಗಿ ಅಂಗೀಕರಿಸಿದುವು. ಇಂದು ಎಂಟು ಹತ್ತು ಗಿಯರುಗಳ ಪೆಟ್ಟಿಗೆಗಳಲ್ಲಿ ವಾಹನ ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಈ ಕ್ಲಚ್ಚು ಕಚ್ಚಿಕೊಳ್ಳುತ್ತದೆ. ಎಂಜಿನ್ನಿನ ಕಂಪನವು ಎಣ್ಣೆಯಲ್ಲಿ ಅಡಗುವ ಬದಲು ನೇರವಾಗಿ ಗಾಡಿಗೆ ತಟ್ಟುವುದರಿಂದ, ಅದನ್ನು ಹೀರಲು ಸ್ಪ್ರಿಂಗುಗಳನ್ನು ಸೇರಿಸಬೇಕಾಯಿತು. ಅವುಗಳಿಗೆ ಜಾಗ ಮಾಡಿಕೊಡಲು ದುಂಡಗಿದ್ದ ಎಣ್ಣೆಯ ಪಥವನ್ನು ಚಪ್ಪಟೆಗೊಳಿಸಬೇಕಾಯಿತು. ಚಪ್ಪಟೆಯಾದ ಪಥದಲ್ಲಿ ತಿರುವು ಬಿಗಿಯಾಗಿ ಪ್ರವಾಹ ಕೆಡುವುದು ನಿಜ. ದ್ರವವು ದುಡಿಯುವ ಅವಧಿಯೇ ಕಿರಿದಾದುದರಿಂದ ಆ ನಷ್ಟವನ್ನು ಒಪ್ಪಿಕೊಂಡರು. ನನ್ನ ಅಭಿಪ್ರಾಯದಲ್ಲಿ ಒಪ್ಪಿಕೊಂಡದ್ದು ಸರಿ.

ನಮ್ಮ ದೇಶಕ್ಕೂ ಈ ವಿದ್ಯೆ ಹೊಸದೇನಲ್ಲ. ಡೀಸೆಲ್ ರೈಲು ಎಂಜಿನ್ನುಗಳಿಗಾಗಿ ದ್ರವದ ಮಾರ್ಗವನ್ನೂ ಯಾಂತ್ರಿಕ ಮಾರ್ಗವನ್ನೂ ಕೂಡಿಸಿದ ವ್ಯವಸ್ಥೆಯೊಂದನ್ನು ರಚಿಸಿದವರು, ಮುಂದೆ ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾಲಯದ ನಿರ್ದೇಶಕರಾದ ಮನಮೋಹನ ಸೂರಿಯವರು. ಅವರ ಹೆಸರಿನಿಂದಲೇ ಅದು ಪ್ರಸಿದ್ಧವಾಯಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬಿಇಎಂಎಲ್ ಸಂಸ್ಥೆಯು ಕಟ್ಟುವ ಬುಲ್‌ಡೋಜರುಗಳಂತಹ ಮಣ್ಣೆತ್ತುವ ಯಂತ್ರಗಳಲ್ಲಿಯೂ ಟಾರ್ಕ್ ಕನ್ವರ್ಟರಿಗೆ ಸ್ಥಿರವಾದ ಸ್ಥಾನವುಂಟು. ಬಂಡೆಗೆ ತಗುಲಿ ಗಾಡಿ ನಿಂತುಬಿಟ್ಟರೂ ಎಂಜಿನ್ನು ನಿಲ್ಲದಿರುವ ಗುಣವು ಅಲ್ಲಿ ಇಂಧನದ ಉಳಿತಾಯಕ್ಕಿಂತ ಬೆಲೆಯುಳ್ಳದ್ದು. ನಿಂತಲ್ಲಿಂದಲೇ ಪೂರ್ಣ ಟಾರ್ಕನ್ನು ಕೊಡುವ ವಿದ್ಯುತ್ ಮೋಟಾರಿನ ಕಾರುಗಳಿಗಾದರೆ ಇದರ ಹಂಗು ಬೇಕಿಲ್ಲ.

ಕೊನೆಯದಾಗಿ, ವಾಹನ ನಡೆಸುವವರಿಗೆ ಒಂದು ಮಾತು. ಸ್ವಯಂಚಾಲಿತ ಗಿಯರಿನ ಎಲ್ಲ ವಾಹನಗಳಲ್ಲಿಯೂ ಟಾರ್ಕ್ ಕನ್ವರ್ಟರ್ ಇರುವುದಿಲ್ಲ. ಕ್ಲಚ್ಚನ್ನು ಯಂತ್ರವೇ ಒತ್ತುವ ಬಗೆಯವೂ ಹಲವುಂಟು. ನಿಮ್ಮ ವಾಹನ ಯಾವ ಬಗೆಯದೆಂಬುದನ್ನು ಕೈಪಿಡಿ ನೋಡಿ ತಿಳಿದುಕೊಳ್ಳಿರಿ. ಅದು ಕನ್ವರ್ಟರ್ ಇರುವಂಥದಾದರೆ, ಆಗುಂಬೆಯ ಘಟ್ಟದಲ್ಲಿಯೋ ಚಾರ್ಮಾಡಿಯಲ್ಲಿಯೋ ಮುಂದಿನ ಗಾಡಿಗಾಗಿ ಏರಿನಲ್ಲಿ ಕಾಯಬೇಕಾಗಿ ಬಂದಾಗ, ಆಕ್ಸಿಲರೇಟರನ್ನು ಒತ್ತಿ ಹಿಡಿದು ಗಾಡಿ ಹಿಂಜರಿಯದಂತೆ ನಿಲ್ಲಿಸಬೇಡಿರಿ. ಆಗ ಎಂಜಿನ್ನು ಕೊಡುವ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಕಾದ ಎಣ್ಣೆ ಬೇಗ ಕೆಡುತ್ತದೆ. ಬ್ರೇಕನ್ನು ಒತ್ತಿ ನಿಲ್ಲಿಸಿರಿ, ದಾರಿ ತೆರವಾದ ಮೇಲೆ ಹೊರಡಿರಿ.